ಗುಡ್ಡಗಳ ನಡುವೆ ಹಾಯಿದೋಣಿ: ವಾಲುವುದನ್ನು ಗುರುತಿಸುವುದು ಹೇಗೆ, ತಡೆಯುವುದು ಹೇಗೆ

ಕಡಲಲ್ಲಿ ಹಾಯಿದೋಣಿ ಕಲಿಯುವವರಿಗೆ ಒಂದು ಅನುಕೂಲ ಇರುತ್ತದೆ. ಎದುರಿಗೆ ಯಾವಾಗಲೂ ದಿಗಂತದ ನೇರ ಗೆರೆ. ದೋಣಿ ಸ್ವಲ್ಪ ಓರೆಯಾದರೂ ಆ ಗೆರೆಯ ಪಕ್ಕದಲ್ಲಿ ತಕ್ಷಣ ಗೊತ್ತಾಗುತ್ತದೆ. ಕೊಡಗಿನ ನೀರಿನಲ್ಲಿ ಆ ಗೆರೆ ಇಲ್ಲ. ಹಾರಂಗಿ ಹಿನ್ನೀರಿನ ಮಧ್ಯೆ ನಿಂತು ಸುತ್ತ ನೋಡಿದರೆ ಕಾಣುವುದೆಲ್ಲ ಇಳಿಜಾರು. ಒಂದು ಗುಡ್ಡ ಎಡಕ್ಕೆ ಇಳಿಯುತ್ತದೆ, ಇನ್ನೊಂದು ಬಲಕ್ಕೆ. ಕಣ್ಣು ತನಗೆ ಗೊತ್ತಿಲ್ಲದೇ ಆ ಇಳಿಜಾರನ್ನೇ ಸಮ ಅಂತ ನಂಬಿಬಿಡುತ್ತದೆ. ಹದಿನೈದು ಡಿಗ್ರಿ ವಾಲಿದ ದೋಣಿಯಲ್ಲಿ ಕೂತವರು 'ಸರಿಯಾಗೇ ಇದೆಯಲ್ಲ' ಅನ್ನುತ್ತಾರೆ.

ಹಾಗಾಗಿ ಇಲ್ಲಿ ಕಲಿಯುವವರು ಮೊದಲು ಸಮಮಟ್ಟವನ್ನು ಹುಡುಕುವುದನ್ನು ಕಲಿಯಬೇಕು. ದೋಣಿಯನ್ನು ಮಟ್ಟವಾಗಿ ಇಡುವುದು ಆಮೇಲಿನ ಕೆಲಸ. ಈ ಲೇಖನವೂ ಅದೇ ಕ್ರಮದಲ್ಲಿದೆ. ಹಾಯಿ ಏರಿಸುವುದು, ದಿಕ್ಕು ತಿರುಗಿಸುವುದು ಒಂದಿಷ್ಟು ಗೊತ್ತಿರುವವರಿಗಾಗಿ ಬರೆದಿದ್ದೇನೆ. ಒಬ್ಬರೇ ನಡೆಸುವ ಲೇಸರ್ ದೋಣಿ ಆಗಲಿ, ಮಕ್ಕಳ ಆಪ್ಟಿಮಿಸ್ಟ್ ಆಗಲಿ, ಇಬ್ಬರು ಕೂರುವ ಎಂಟರ್‌ಪ್ರೈಸ್ ಆಗಲಿ, ಮೂಲ ಪಾಠ ಒಂದೇ.

ಮಾತು ಸುಲಭವಾಗಲಿ ಅಂತ, ಗಾಳಿ ಬರುವ ಕಡೆಯ ಅಂಚನ್ನು ಗಾಳಿಬದಿ ಅನ್ನುತ್ತೇನೆ. ಅದರ ಎದುರಿನದು, ಹಾಯಿ ಚಾಚಿಕೊಂಡಿರುವ ಕಡೆ, ಹಾಯಿಬದಿ.

ವಾಲಿದರೆ ಏನು ನಷ್ಟ?

ಮಗುಚುವ ಭಯ ಎಲ್ಲರಿಗೂ ಗೊತ್ತು. ಆದರೆ ಮಗುಚದೇ ಇದ್ದರೂ ನಷ್ಟ ಇದೆ. ದೋಣಿಯ ಕೆಳಗೆ ಇಳಿಬಿಟ್ಟ ಹಲಗೆ, ಅಂದರೆ ಸೆಂಟರ್‌ಬೋರ್ಡ್, ನೆಟ್ಟಗೆ ನಿಂತಿದ್ದರೆ ಮಾತ್ರ ದೋಣಿ ಪಕ್ಕಕ್ಕೆ ಜಾರುವುದನ್ನು ಚೆನ್ನಾಗಿ ತಡೆಯುತ್ತದೆ. ದೋಣಿ ವಾಲಿದಷ್ಟೂ ಹಲಗೆ ಓರೆಯಾಗುತ್ತದೆ, ಜಾರಾಟ ಜಾಸ್ತಿಯಾಗುತ್ತದೆ. ನೀವು ಮುಂದಕ್ಕೆ ಹೋಗುತ್ತಿದ್ದೇನೆ ಅಂದುಕೊಳ್ಳುತ್ತೀರಿ, ದೋಣಿ ಓರೆಯಾಗಿ ಆಚೆ ದಡದ ಕಡೆ ಹೋಗುತ್ತಿರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಹಾಯಿಬದಿಗೆ ವಾಲಿದ ದೋಣಿ ತಾನಾಗಿಯೇ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ. ಹಾಯಿಯ ಎಳೆತ ದೋಣಿಯ ನಡುಗೆರೆಯಿಂದ ಹೊರಗೆ, ನೀರಿನ ಮೇಲಕ್ಕೆ ಸರಿದಿರುತ್ತದೆ. ನೀರಿನ ತಡೆ ಮಾತ್ರ ದೋಣಿಯ ಹತ್ತಿರವೇ ಇರುತ್ತದೆ. ಒಂದು ಕಡೆ ಎಳೆತ, ಇನ್ನೊಂದು ಕಡೆ ತಡೆ, ಅಲ್ಲಿಗೆ ತಿರುಚು ಶುರು. ಜೊತೆಗೆ ನೀರಿಗಿಳಿದ ಬದಿಯ ಉಬ್ಬು ಕೂಡ ಅದೇ ಕಡೆಗೆ ತಿರುಗಿಸುತ್ತದೆ. ಇದನ್ನು ತಡೆಯಲು ನೀವು ಚುಕ್ಕಾಣಿಯ ಹಿಡಿಕೋಲು, ಅಂದರೆ ಟಿಲ್ಲರನ್ನು ಗಟ್ಟಿಯಾಗಿ ನಿಮ್ಮ ಕಡೆ ಎಳೆದು ಹಿಡಿಯುತ್ತೀರಿ. ಆಗ ಚುಕ್ಕಾಣಿ ನೀರಿನಲ್ಲಿ ಅಡ್ಡ ನಿಲ್ಲುತ್ತದೆ, ಬ್ರೇಕ್ ಹಾಕಿದ ಹಾಗೆ. ಗಾಳಿ ಕೊಟ್ಟ ವೇಗವನ್ನು ನೀವೇ ಕೈಯಾರೆ ಕಳೆಯುತ್ತಿದ್ದೀರಿ.

ಗಾಳಿಬದಿಗೆ ವಾಲಿದರೆ ಇದೆಲ್ಲ ತಿರುಗುಮುರುಗು. ಮೂತಿ ಗಾಳಿಯಿಂದ ದೂರ ಹೊರಳುತ್ತದೆ. ಈ ಎರಡು ಗುಣ ನೆನಪಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಕೆಲಸ: ಸಮಗೆರೆ ಹುಡುಕಿ

ಗುಡ್ಡದ ತುದಿ ನೋಡಬೇಡಿ. ಮರಗಳ ತಲೆಯನ್ನೂ ನೋಡಬೇಡಿ. ಎದುರು ದಡದಲ್ಲಿ ನೀರು ಮಣ್ಣನ್ನು ಮುಟ್ಟುವ ಅಂಚು ಇದೆಯಲ್ಲ, ಅದೇ ನಿಮ್ಮ ದಿಗಂತ. ನೀರು ಎಲ್ಲಿದ್ದರೂ ಸಮವೇ.

ಹಾರಂಗಿಯಲ್ಲಿ ಇನ್ನೊಂದು ಗೆರೆಯೂ ಸಿಗುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2859 ಅಡಿ. ಮಳೆಗಾಲದಲ್ಲಿ ಅಲ್ಲಿಯವರೆಗೆ ತುಂಬಿ, ಬೇಸಿಗೆ ಹೊತ್ತಿಗೆ ಕೆಳಗಿಳಿಯುತ್ತದೆ. ಇಳಿದಾಗ ದಡದ ಸುತ್ತ ಬೋಳು ಮಣ್ಣಿನ ಪಟ್ಟಿ ಕಾಣುತ್ತದೆ. ಆ ಪಟ್ಟಿಯ ಮೇಲಂಚು, ಅಂದರೆ ಗಿಡಮರ ಶುರುವಾಗುವ ಗೆರೆ, ತುಂಬಿದ ನೀರು ಎಳೆದ ಗೆರೆ. ಹೆಚ್ಚು ಕಡಿಮೆ ಅದೂ ಸಮವಾಗಿರುತ್ತದೆ. ಬಿಸಿಲಿಗೆ ನೀರು ಹೊಳೆದು ಅಂಚು ಸರಿಯಾಗಿ ಕಾಣದಿದ್ದಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ನಿಮಗೆ ಎದುರಾಗಿ ಅಡ್ಡ ನಿಂತಿರುವ ದೂರದ ದಡವನ್ನೇ ಆರಿಸಿಕೊಳ್ಳಿ. ಪಕ್ಕದಲ್ಲಿ ಶುರುವಾಗಿ ದೂರಕ್ಕೆ ಸರಿಯುವ ದಡ ಯಾವತ್ತೂ ಓರೆಯಾಗಿಯೇ ಕಾಣುತ್ತದೆ. ಹತ್ತಿರದ ತುದಿ ಕೆಳಗೆ, ದೂರದ ತುದಿ ಮೇಲೆ. ಹಿನ್ನೀರು ಕವಲು ಕವಲಾಗಿ ಗುಡ್ಡದ ಸಂದಿಗೆ ನುಗ್ಗಿರುವ ಕಡೆ ಇಂಥ ದಡಗಳೇ ಜಾಸ್ತಿ. ಅದನ್ನು ನಂಬಿದರೆ ಕಣ್ಣು ಮತ್ತೆ ಮೋಸ ಹೋಗುತ್ತದೆ. ಚಿಕ್ಲಿಹೊಳೆಯಂಥ ಸಣ್ಣ ಜಲಾಶಯದಲ್ಲಿ ದಡವೆಲ್ಲ ಹತ್ತಿರವೇ ಇರುವುದರಿಂದ ಇನ್ನೂ ಹುಷಾರಾಗಿ ನೋಡಬೇಕು.

ಗೆರೆ ಸಿಕ್ಕ ಮೇಲೆ ಅದನ್ನು ದೋಣಿಯ ಒಂದು ಅಡ್ಡಗೆರೆಯ ಜೊತೆ ಹೋಲಿಸಿ. ಕಾಕ್‌ಪಿಟ್‌ನ, ಅಂದರೆ ಕಾಲಿಡುವ ತಗ್ಗಿನ, ಮುಂದಿನ ಅಂಚು ಒಳ್ಳೆಯದು. ಕೂರುವ ಅಡ್ಡಹಲಗೆ ಇರುವ ದೋಣಿಯಾದರೆ ಅದೂ ಆಗುತ್ತದೆ. ಎರಡೂ ಒಂದಕ್ಕೊಂದು ಸಮಾನಾಂತರ ಇದ್ದರೆ ದೋಣಿ ಮಟ್ಟವಾಗಿದೆ. ಅಥವಾ ಹಾಯಿ ಹೊರುವ ಕಂಬದ, ಅಂದರೆ ಮಾಸ್ಟ್‌ನ ಬುಡವನ್ನು ನೋಡಿ. ಅದು ದಡದ ಗೆರೆಯನ್ನು ಕತ್ತರಿಸುವ ಜಾಗದಲ್ಲಿ ಸರಿಯಾದ ಲಂಬಕೋನ ಕಾಣಬೇಕು.

ಎರಡನೆಯ ಕೆಲಸ: ದಡದಲ್ಲೇ ಕಣ್ಣಿಗೆ ಅಭ್ಯಾಸ ಮಾಡಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅರ್ಧ ಗಂಟೆಯ ಕೆಲಸ, ಅದರ ಲಾಭ ಮಾತ್ರ ಎಷ್ಟೋ ದಿನ ಸಿಗುತ್ತದೆ.

ಮಕ್ಕಳ ಜಾಮಿಟ್ರಿ ಬಾಕ್ಸ್‌ನಿಂದ ಕೋನಮಾಪಕ ತೆಗೆದುಕೊಳ್ಳಿ. ಅದರ ನೇರ ಅಂಚು ಮೇಲೆ ಬರುವ ಹಾಗೆ ಸಣ್ಣ ಮರದ ಹಲಗೆಗೆ ಅಂಟಿಸಿ. ಮಧ್ಯದ ಬಿಂದುವಿನಿಂದ ದಾರ ಇಳಿಬಿಟ್ಟು ತುದಿಗೆ ಒಂದು ಕಬ್ಬಿಣದ ನಟ್ ಕಟ್ಟಿ. ಹಲಗೆಯನ್ನು ಮಾಸ್ಟ್‌ನ ಹಿಂಬದಿಗೆ, ನೀವು ಕೂತಾಗ ನಿಮ್ಮ ಕಡೆ ಮುಖ ಮಾಡುವಂತೆ ಬಿಗಿಯಿರಿ. ದೋಣಿ ಮಟ್ಟವಾಗಿದ್ದಾಗ ದಾರ 90ರ ಮೇಲೆ ನಿಲ್ಲಬೇಕು.

ಈಗ ಹಾಯಿ ಏರಿಸದೆ, ಗಾಳಿ ಇಲ್ಲದ ಬೆಳಗಿನ ಹೊತ್ತು, ಸೊಂಟದಷ್ಟು ನೀರಿನಲ್ಲಿ ದೋಣಿಯನ್ನು ನಿಲ್ಲಿಸಿ. ಗೆಳೆಯರೊಬ್ಬರು ನೀರಲ್ಲಿ ನಿಂತು ದೋಣಿಯ ಅಂಚನ್ನು ನಿಧಾನ ಒತ್ತಲಿ. ದಾರ 85ಕ್ಕೆ ಬಂದಾಗ 5 ಡಿಗ್ರಿ ವಾಲು. 80ಕ್ಕೆ ಬಂದಾಗ 10. ಪ್ರತಿ ಸಲವೂ ತಲೆ ಎತ್ತಿ ಎದುರು ದಡ ನೋಡಿ. ಕಾಕ್‌ಪಿಟ್ ಅಂಚಿಗೂ ದಡದ ಗೆರೆಗೂ ನಡುವಿನ ಕೋನವನ್ನು ಕಣ್ಣಲ್ಲಿ ತುಂಬಿಕೊಳ್ಳಿ. 15, 20 ಡಿಗ್ರಿಯನ್ನೂ ನೋಡಿಬಿಡಿ. ಆಮೇಲೆ ಕಣ್ಣು ಮುಚ್ಚಿ ಕೂತು, ಗೆಳೆಯರು ವಾಲಿಸಿದಾಗ ಎಷ್ಟು ಅಂತ ಹೇಳಿ, ಕಣ್ಣು ಬಿಟ್ಟು ದಾರ ನೋಡಿ. ಬೆನ್ನು, ತೊಡೆ ಕೂಡ ಅಳತೆ ಕಲಿಯುತ್ತವೆ.

ಒಂದು ಲೆಕ್ಕವೂ ಇರಲಿ. ಲೇಸರ್‌ನ ಅಗಲ ಸುಮಾರು 1.4 ಮೀಟರ್. ಒಂದು ಡಿಗ್ರಿ ವಾಲಿದರೆ ಎರಡು ಅಂಚುಗಳ ಎತ್ತರದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. 10 ಡಿಗ್ರಿಗೆ 24 ಸೆಂ.ಮೀ. 20 ಡಿಗ್ರಿಗೆ ಹತ್ತಿರ ಹತ್ತಿರ 48 ಸೆಂ.ಮೀ. ಅಂದರೆ ಎರಡು ಗೇಣು! 20 ಡಿಗ್ರಿ ಅಂದರೆ ಏನೂ ಅಲ್ಲ ಅನ್ನಿಸಬಹುದು, ಆದರೆ ನೀರಿನ ಮೇಲೆ ಅದು ಬಹಳ.

ನೀರಿಗೆ ಹೋಗುವಾಗ ಕೋನಮಾಪಕ ಬಿಚ್ಚಿಡಿ. ಅಲೆಗೆ ನಟ್ ತೂಗಾಡುತ್ತಲೇ ಇರುತ್ತದೆ, ಅದನ್ನೇ ನೋಡುತ್ತಾ ಕೂತರೆ ಗಾಳಿ ನೋಡುವವರು ಯಾರು?

ಕಣ್ಣಿನ ಜೊತೆ ಬೇರೆ ಸುಳಿವುಗಳು

ಟಿಲ್ಲರ್ ಹಿಡಿದ ಕೈ ಎಲ್ಲಕ್ಕಿಂತ ಪ್ರಾಮಾಣಿಕ. ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗುವಾಗ ಟಿಲ್ಲರನ್ನು ಎರಡೇ ಬೆರಳಲ್ಲಿ ಹಿಡಿಯಿರಿ. ಸಣ್ಣ ಎಳೆತ ಇದ್ದರೆ ಒಳ್ಳೆಯದೇ. ಎಳೆತ ಜಾಸ್ತಿಯಾಗಿ ಪೂರ್ತಿ ಮುಷ್ಟಿ ಬೇಕಾಯಿತು ಅಂದರೆ ದೋಣಿ ವಾಲಿದೆ, ಕಣ್ಣು ಏನೇ ಹೇಳಲಿ. ಟಿಲ್ಲರ್ ಗಟ್ಟಿಯಾಗಿ ಹಿಡಿಯುವವರಿಗೆ ಈ ಸುದ್ದಿ ತಲುಪುವುದೇ ಇಲ್ಲ.

ಕಾಕ್‌ಪಿಟ್ ಒಳಗೆ ಸ್ವಲ್ಪ ನೀರು ಇದ್ದೇ ಇರುತ್ತದೆ. ಅದು ಯಾವ ಮೂಲೆಗೆ ಹರಿದು ನಿಂತಿದೆ ನೋಡಿ. ಹಿಂದೆ ತಿರುಗಿ ದೋಣಿ ಬಿಟ್ಟ ನೀರಿನ ಜಾಡು ನೋಡಿ. ಮಟ್ಟವಾಗಿದ್ದರೆ ಜಾಡು ನುಣುಪಾಗಿ ನೇರ ಇರುತ್ತದೆ. ವಾಲಿದ್ದರೆ ಹಿಂಬದಿಯಲ್ಲಿ ಗುಳುಗುಳು ಸದ್ದು, ಸುಳಿ, ನೊರೆ.

ಗಾಳಿ ಬರುವ ಮುಂಚೆ ಗಾಳಿಯನ್ನು ಓದಿ

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 10 ಕಿ.ಮೀ. ಗಾಳಿಯಲ್ಲಿ ಆರಾಮಾಗಿ ಕೂತಿದ್ದವರ ಮೇಲೆ 20 ಕಿ.ಮೀ.ನ ಬೀಸು ಬಂದರೆ ಹಾಗಾಗಿಯೇ ಅಷ್ಟು ಗಾಬರಿ. ಕೊಡಗಿನಲ್ಲಿ ಗಾಳಿ ಗುಡ್ಡ ದಾಟಿ, ಕಾಡು ದಾಟಿ ನೀರಿಗೆ ಬೀಳುತ್ತದೆ. ಒಂದೇ ಸಮನೆ ಬೀಸುವುದಿಲ್ಲ. ತುಂಡು ತುಂಡಾಗಿ ಇಳಿಯುತ್ತದೆ, ದಿಕ್ಕೂ ಬದಲಿಸುತ್ತದೆ. ಎತ್ತರದ ಮರಗಳಿರುವ ದಡದ ಮರೆಯಲ್ಲಿ ಗಾಳಿಯೇ ಇರುವುದಿಲ್ಲ, ಆ ಮರೆ ದಾಟಿದ ಕ್ಷಣ ಪೂರ್ತಿ ಗಾಳಿ ಹೊಡೆಯುತ್ತದೆ.

ಗಾಳಿಬದಿಯ ನೀರನ್ನು ನೋಡುತ್ತಲೇ ಇರಿ. ಬೀಸು ಮುಟ್ಟಿದ ಕಡೆ ನೀರು ಕಪ್ಪಗೆ, ಸುಕ್ಕುಸುಕ್ಕಾಗಿ ಕಾಣುತ್ತದೆ. ಆ ಕಪ್ಪು ತೇಪೆ ನಿಮ್ಮ ಕಡೆಗೆ ಓಡಿ ಬರುತ್ತದೆ. ನೀರಿಗೂ ಮುಂಚೆ ಸುಳಿವು ಕೊಡುವುದು ದಡದ ಸಿಲ್ವರ್ ಓಕ್ ಮರಗಳು. ತೋಟದ ನೆರಳಿಗೆ ನೆಟ್ಟ ಈ ಮರದ ಎಲೆಯ ಅಡಿಭಾಗ ಬೆಳ್ಳಿಯ ಬಣ್ಣ. ಜೋರು ಗಾಳಿ ಬಂದರೆ ಎಲೆಗಳು ಮಗುಚಿ ಇಡೀ ಮರ ಬೆಳ್ಳಗೆ ಮಿನುಗುತ್ತದೆ. ಗಾಳಿಬದಿಯ ದಡದಲ್ಲಿ ಸಾಲುಮರ ಹೀಗೆ ಬಣ್ಣ ಬದಲಿಸಿದರೆ ಸಿದ್ಧರಾಗಿ. ಇಂಥ ಸೂಚನೆ ಕಡಲಿನವರಿಗೆ ಸಿಗುವುದಿಲ್ಲ, ನಮಗೆ ಸಿಕ್ಕಿದೆ. ಬಳಸಿಕೊಳ್ಳೋಣ.

ಬೀಸು ಬಂದಾಗ: ಮೈ, ಹಗ್ಗ, ಟಿಲ್ಲರ್

ಕ್ರಮ ಇದು. ಬೀಸು ತಲುಪುವ ಒಂದು ಕ್ಷಣ ಮುಂಚೆ ಮೈಯನ್ನು ಹೊರಗೆ ಚಾಚಲು ಶುರು ಮಾಡಿ. ಪಾದಗಳು ಅವನ್ನು ಸಿಕ್ಕಿಸುವ ಪಟ್ಟಿಯ (ಟೋ ಸ್ಟ್ರಾಪ್) ಕೆಳಗೆ ಇರಲಿ, ತೊಡೆ ಅಂಚಿನ ಮೇಲಿರಲಿ, ಬೆನ್ನು ಹಿಂದಕ್ಕೆ ಹೋಗಲಿ. ಬೀಸು ಹೊಡೆದ ಕ್ಷಣ ಹಾಯಿಯನ್ನು ಒಳಗೆ ಹೊರಗೆ ಮಾಡುವ ಹಗ್ಗ, ಅಂದರೆ ಮೇನ್‌ಶೀಟ್ ಒಂದು ಗೇಣು ಸಡಿಲ ಬಿಡಿ, ಜೋರಿದ್ದರೆ ಒಂದು ಮೊಳ. ದೋಣಿ ಮಟ್ಟವಾಗಿ ಮುಂದೆ ಜಿಗಿಯುತ್ತದೆ. ಆ ಜಿಗಿತ ಕಂಡ ಕೂಡಲೇ ಬಿಟ್ಟ ಹಗ್ಗವನ್ನು ಮತ್ತೆ ಒಳಗೆಳೆಯಿರಿ. ಬಿಡುವುದು, ಚಾಚುವುದು, ಎಳೆಯುವುದು ಸೇರಿ ಒಂದೇ ಚಲನೆ ಆಗಬೇಕು.

ಮುಂಚೆ ಚಾಚುವುದು ಯಾಕೆ? 60 ಕಿಲೋ ತೂಕದವರು ದೋಣಿಯ ನಡುಗೆರೆಯಿಂದ 70 ಸೆಂ.ಮೀ. ದೂರದ ಅಂಚಲ್ಲಿ ಕೂತಿದ್ದಾರೆ ಅನ್ನಿ. ಹೊರಗೆ ಚಾಚಿ ಮೈಯ ಭಾರವನ್ನು 105 ಸೆಂ.ಮೀ.ಗೆ ಒಯ್ದರೆ ದೋಣಿಯನ್ನು ಒತ್ತುವ ಬಲ ಒಂದೂವರೆ ಪಟ್ಟಾಗುತ್ತದೆ. ಆದರೆ ದೋಣಿ ವಾಲಿದ ಮೇಲೆ ಚಾಚಲು ಹೊರಟರೆ ಕಷ್ಟ. ನೀವು ಮೇಲೆ ಏರಿರುತ್ತೀರಿ, ಕಾಲು ಒಳಗೆ ಜಾರುತ್ತಿರುತ್ತದೆ, ದೋಣಿ ಆಗಲೇ ಗಾಳಿಯ ಕಡೆ ತಿರುಗುತ್ತಿರುತ್ತದೆ. ಮಟ್ಟವಾಗಿ ಇಟ್ಟುಕೊಳ್ಳುವುದಕ್ಕೆ ಬೇಕಾದ ಶ್ರಮ ಕಡಿಮೆ, ವಾಲಿದ ದೋಣಿಯನ್ನು ವಾಪಸ್ ತರುವುದಕ್ಕೆ ಬೇಕಾದ ಶ್ರಮ ಬಹಳ ಜಾಸ್ತಿ.

ಗಾಳಿಗೆ ಎದುರು ಓರೆಯಲ್ಲಿ ಹೋಗುವಾಗ ಮೂರನೆಯ ಉಪಾಯವೂ ಇದೆ. ಟಿಲ್ಲರನ್ನು ಒಂದೆರಡು ಬೆರಳಷ್ಟು ಹಾಯಿಬದಿಗೆ ತಳ್ಳಿ ಮೂತಿಯನ್ನು ಗಾಳಿಯ ಕಡೆ ತುಸು ಏರಿಸಿ. ಹಾಯಿಯ ಮುಂದಿನ ಅಂಚು ಸ್ವಲ್ಪ ನಡುಗಿ ಒತ್ತಡ ಇಳಿಯುತ್ತದೆ. ಜಾಸ್ತಿ ತಳ್ಳಿದರೆ ದೋಣಿ ನಿಂತುಬಿಡುತ್ತದೆ. ಇದನ್ನೇ ಮೊದಲ ಉಪಾಯ ಮಾಡಿಕೊಂಡವರು ವೇಗ ಯಾವತ್ತೂ ಕಲಿಯುವುದಿಲ್ಲ, ಹಾಗಾಗಿ ಕೊನೆಯಲ್ಲಿ ಇಟ್ಟಿದ್ದೇನೆ.

ಕಲಿಯುವ ದಿನಗಳಲ್ಲಿ ಮೇನ್‌ಶೀಟನ್ನು ಕ್ಲೀಟ್‌ಗೆ (ಹಗ್ಗ ಕಚ್ಚಿ ಹಿಡಿಯುವ ಹಿಡಿಕೆ) ಸಿಕ್ಕಿಸಿ ಕೂರಲೇಬೇಡಿ. ಕೈಯಲ್ಲೇ ಇರಲಿ.

ಪ್ರತಿ ಬೀಸಿಗೂ ಹಗ್ಗ ಬಿಡಬೇಕಾಗಿ ಬರುತ್ತಿದೆ ಅಂದರೆ ಹಾಯಿಯನ್ನೇ ಚಪ್ಪಟೆ ಮಾಡುವ ಹೊತ್ತು ಬಂದಿದೆ. ಹಾಯಿಯ ಕೆಳಗಿನ ಅಡ್ಡಕಂಬವಾದ ಬೂಮನ್ನು ಕೆಳಕ್ಕೆ ಹಿಡಿಯುವ ಹಗ್ಗ, ಅಂದರೆ ಕಿಕ್ಕರ್ ಬಿಗಿ ಮಾಡಿ. ಅದು ಸಡಿಲ ಇದ್ದರೆ ಹಗ್ಗ ಬಿಟ್ಟಾಗ ಬೂಮ್ ಮೇಲೇಳುತ್ತದೆ, ಹಾಯಿ ಇನ್ನಷ್ಟು ಉಬ್ಬುತ್ತದೆ, ನೀವು ಬಯಸಿದ್ದಕ್ಕೆ ಉಲ್ಟಾ. ಕನ್ನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಗೆಳೆಯುವ ಹಗ್ಗ) ಮತ್ತು ಔಟ್‌ಹಾಲ್ (ಕೆಳ ಅಂಚನ್ನು ಬೂಮ್‌ನ ತುದಿಗೆ ಎಳೆಯುವ ಹಗ್ಗ) ಕೂಡ ಎಳೆಯಿರಿ. ಸೆಂಟರ್‌ಬೋರ್ಡನ್ನು ಸ್ವಲ್ಪ ಎತ್ತಿದರೆ ಟಿಲ್ಲರ್ ಎಳೆತ ಇಳಿಯುತ್ತದೆ. ಲೇಸರ್ ನಡೆಸುವವರಿಗೆ ಇನ್ನೊಂದು ದಾರಿ ಇದೆ. ಅದೇ ದೋಣಿಗೆ ಮೂರು ಅಳತೆಯ ಹಾಯಿ ಸಿಗುತ್ತದೆ: 7.06, 5.76 ಮತ್ತು 4.7 ಚದರ ಮೀಟರ್. ಹಗುರ ಮೈಯವರು ದೊಡ್ಡ ಹಾಯಿಯ ಜೊತೆ ಗುದ್ದಾಡುವ ಬದಲು ಸಣ್ಣದರಲ್ಲಿ ಚೆನ್ನಾಗಿ ಕಲಿಯಬಹುದು.

ಗಾಳಿ ಕಡಿಮೆ ಇದ್ದಾಗ

ಚಳಿಗಾಲದ ಬೆಳಗ್ಗೆ ಮಂಜು ಸರಿದ ಮೇಲೆ ಹಾಯಿ ಜೋತಾಡುವಷ್ಟೇ ಗಾಳಿ ಇರುತ್ತದೆ. ಆಗ ಮಾತ್ರ ಬೇಕಂತಲೇ ವಾಲಿಸಬೇಕು. ಹಾಯಿಬದಿಗೆ ಸರಿದು, ಮುಂದಕ್ಕೆ ಕೂತು, 5ರಿಂದ 10 ಡಿಗ್ರಿ ವಾಲಿಸಿ. ಹಾಯಿ ತನ್ನ ಭಾರಕ್ಕೇ ಹೊರಕ್ಕೆ ಬಾಗಿ ಆಕಾರ ಹಿಡಿಯುತ್ತದೆ. ನೀರಿಗೆ ತಾಗುವ ಮೈಯೂ ಕಡಿಮೆಯಾಗುತ್ತದೆ. ಬೆಕ್ಕಿನಂತೆ ಮೆಲ್ಲಗೆ ಓಡಾಡಿ. ಒಂದು ಧಡಕ್ ಸಾಕು, ಹಾಯಿಯಲ್ಲಿದ್ದ ಗಾಳಿಯೆಲ್ಲ ಉದುರಿಹೋಗುತ್ತದೆ. ಗಾಳಿ ಎದ್ದ ಕೂಡಲೇ ಮಟ್ಟಕ್ಕೆ ಬನ್ನಿ.

ಪಕ್ಕದ ಗಾಳಿ, ಹಿಂದಿನ ಗಾಳಿ

ಗಾಳಿ ಪಕ್ಕದಿಂದ ಬರುವಾಗ ಬೀಸಿಗೆ ಹಗ್ಗ ಬಿಟ್ಟು, ಮೈ ಚಾಚಿ, ದೋಣಿ ಮಟ್ಟಕ್ಕೆ ಬಂದ ಮೇಲೆ ಮೂತಿಯನ್ನು ಗಾಳಿಯಿಂದ ದೂರಕ್ಕೆ ತಿರುಗಿಸಿ. ವಾಲಿದ ಸ್ಥಿತಿಯಲ್ಲೇ ತಿರುಗಿಸಲು ಟಿಲ್ಲರ್ ಎಳೆದರೆ ಚುಕ್ಕಾಣಿ ಅರ್ಧ ನೀರಿನಿಂದ ಮೇಲಿರುತ್ತದೆ, ಕೇಳುವುದಿಲ್ಲ. ದೋಣಿ ಗಿರ್ರನೆ ಗಾಳಿಯ ಕಡೆಗೇ ತಿರುಗಿ ಮಗುಚುತ್ತದೆ. ಹಗ್ಗ ಮೊದಲು, ಟಿಲ್ಲರ್ ಆಮೇಲೆ.

ಹಿಂದಿನ ಗಾಳಿ ಸುಲಭ ಅನ್ನಿಸುತ್ತದೆ. ನಿಜವಾಗಿ ಅದೇ ಕಷ್ಟ. ಬೂಮ್ ಪೂರ್ತಿ ಹೊರಗೆ ಹೋಗಿ, ಕಿಕ್ಕರ್ ಸಡಿಲ ಇದ್ದರೆ ಹಾಯಿಯ ಮೇಲ್ತುದಿ ಮಾಸ್ಟ್‌ಗಿಂತ ಮುಂದಕ್ಕೆ ತಿರುಚಿಕೊಳ್ಳುತ್ತದೆ. ಆ ತುದಿ ಮಾಸ್ಟನ್ನು ಗಾಳಿಬದಿಗೆ, ಅಂದರೆ ನಿಮ್ಮ ಮೇಲೆಯೇ ತಳ್ಳುತ್ತದೆ. ದೋಣಿ ಅತ್ತಿತ್ತ ತೂಗುತ್ತದೆ, ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಆಗ ಹಗ್ಗ ಬಿಡಬೇಡಿ, ಎಳೆಯಿರಿ. ಒಂದು ತೋಳಿನಷ್ಟು ಮೇನ್‌ಶೀಟ್ ಒಳಗೆ ತಂದು, ಮೂತಿಯನ್ನು ತುಸು ಗಾಳಿಯ ಕಡೆ ಏರಿಸಿದರೆ ತೂಗಾಟ ನಿಲ್ಲುತ್ತದೆ. ಹಿಂದಿನ ಗಾಳಿಗೆ ತಿರುಗುವ ಮುಂಚೆಯೇ ಕಿಕ್ಕರ್ ಸ್ವಲ್ಪ ಬಿಗಿ ಇರಲಿ, ಸೆಂಟರ್‌ಬೋರ್ಡ್ ಪೂರ್ತಿ ಎತ್ತದೆ ಒಂದಿಷ್ಟು ಕೆಳಗೇ ಇರಲಿ.

ಇಬ್ಬರಿದ್ದರೆ

ಚುಕ್ಕಾಣಿ ಹಿಡಿದವರು ಗಾಳಿಬದಿಯಲ್ಲಿ ಗಟ್ಟಿಯಾಗಿ ಕೂತಿರಲಿ. ಒಳಗೆ ಹೊರಗೆ ಸರಿಯುವುದು ಮುಂದೆ ಕೂತವರ ಕೆಲಸ. ಇಬ್ಬರೂ ಒಟ್ಟಿಗೆ ಹಾರಿದರೆ ದೋಣಿ ಇತ್ತ ಕಡೆ ಬೀಳುತ್ತದೆ. ಗಾಳಿ ನೋಡಿ ಕೂಗುವುದೂ ಮುಂದಿನವರದೇ. 'ಅಣ್ಣಾ, ಬೀಸು ಬರ್ತಿದೆ, ಮೂರು, ಎರಡು, ಒಂದು' ಅಂದರೆ ಸಾಕು. 'ಅಯ್ಯೋ' ಅಂತ ಕೂಗಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಜೋಡಿಯ ಹೊಂದಾಣಿಕೆ ಎಷ್ಟು ದೂರ ಒಯ್ಯಬಲ್ಲದು ಅನ್ನುವುದಕ್ಕೆ ನಮ್ಮವರದೇ ಉದಾಹರಣೆ ಇದೆ. ಕೊಡವ ಮನೆತನದ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆ ಫಾರ್ಟಿನೈನರ್ (49er) ಎಂಬ ದೋಣಿಯಲ್ಲಿ 2018ರ ಏಷ್ಯನ್ ಗೇಮ್ಸ್ ಕಂಚು ಗೆದ್ದರು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಆ ದೋಣಿಯಲ್ಲಿ ಇಬ್ಬರೂ ತಂತಿಗೆ ನೇತು ಅಂಚಿನ ಹೊರಗೆ ನಿಂತು ಮಟ್ಟ ಕಾಯಬೇಕು.

ಹೋಗಬಾರದ ಹೊತ್ತು, ಮಗುಚಿದ ಹೊತ್ತು

ಹಾರಂಗಿ ಕಾವೇರಿ ನೀರಾವರಿ ನಿಗಮದ ಜಲಾಶಯ. ಅನುಮತಿ ಇಲ್ಲದೆ ದೋಣಿ ಇಳಿಸಬೇಡಿ, ಅಣೆಕಟ್ಟಿನ ಗೇಟುಗಳ ಹತ್ತಿರವಂತೂ ಸುಳಿಯಲೇಬೇಡಿ. ಮುಂಗಾರಿನ ಒಳಹರಿವಿನ ದಿನಗಳು ಹಾಯಿಗೆ ಅಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಕಾಲದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಕೂಡಲೇ ದಡಕ್ಕೆ ಬನ್ನಿ. ಗುಡುಗು ಕೇಳಿದ ಮೇಲೆ ನೀರಿನ ಮಧ್ಯೆ ಲೋಹದ ಮಾಸ್ಟ್ ಕೆಳಗೆ ಕೂರುವುದು ಪ್ರಾಣಾಪಾಯ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು, ಎಷ್ಟೇ ಈಜು ಬರಲಿ. ಮೊದಲ ಪಾಠಗಳನ್ನು ಕಲಿಸುವವರ ಜೊತೆ, ಜೊತೆಗೆ ಕಾವಲು ದೋಣಿ ಇರುವ ಕಡೆ ಮಾಡಿ. ಕೆಆರ್‌ಎಸ್ ಹಿನ್ನೀರು, ಬೆಂಗಳೂರಿನ ಹಲಸೂರು ಕೆರೆ, ಎರಡೂ ಕಡೆ ಸೇಲಿಂಗ್ ಕ್ಲಬ್ ಇದೆ.

ಮಗುಚಿದರೆ ದೋಣಿ ಬಿಟ್ಟು ಈಜಬೇಡಿ. ಜೊತೆಗಾರರು ತಲೆ ಎತ್ತಿದ್ದಾರಾ ನೋಡಿ, ಹೆಸರು ಹಿಡಿದು ಕೂಗಿ. ಮೇನ್‌ಶೀಟ್ ಪೂರ್ತಿ ಸಡಿಲ ಬಿಡಿ. ದೋಣಿಯ ಮೂತಿ ಗಾಳಿಯ ಕಡೆ ತಿರುಗುವ ಹಾಗೆ ಮಾಡಿ, ಸೆಂಟರ್‌ಬೋರ್ಡ್ ಕಡೆಗೆ ಬನ್ನಿ, ಅದರ ಬುಡದ ಮೇಲೆ ನಿಂತು ಅಂಚು ಹಿಡಿದು ಹಿಂದಕ್ಕೆ ವಾಲಿ. ತುದಿಯ ಮೇಲೆ ನಿಂತರೆ ಹಲಗೆ ಮುರಿಯಬಹುದು.

ಹಿನ್ನೀರು ಇಳಿದ ತಿಂಗಳುಗಳಲ್ಲಿ ದೋಣಿ ಪೂರ್ತಿ ಬೋರಲಾದರೆ ಮಾಸ್ಟ್‌ನ ತುದಿ ಕೆಸರಿಗೆ ಚುಚ್ಚಿಕೊಳ್ಳಬಹುದು, ಮುಳುಗಿದ ಮರದ ಬೊಡ್ಡೆಗೂ ಸಿಕ್ಕಿಕೊಳ್ಳಬಹುದು. ಆಗ ಬಲ ಹಾಕಿ ಕಿತ್ತರೆ ಮಾಸ್ಟ್ ಬಾಗುತ್ತದೆ. ಸೆಂಟರ್‌ಬೋರ್ಡ್ ಮೇಲೆ ಒಂದೇ ಸಮನೆ ಭಾರ ಹಾಕಿ ಕಾಯಿರಿ, ಗಾಳಿ ದೋಣಿಯನ್ನು ನಿಧಾನ ತಿರುಗಿಸುತ್ತಾ ಮಾಸ್ಟನ್ನು ಕೆಸರಿನಿಂದ ಬಿಡಿಸುತ್ತದೆ. ಐದು ನಿಮಿಷವಾದರೂ ಬಿಡಲಿಲ್ಲ ಅಂದರೆ ದೋಣಿಯ ಮೇಲೇ ಕೂತು, ಕೈ ಎತ್ತಿ ಬೀಸಿ ಕಾವಲು ದೋಣಿಯನ್ನು ಕರೆಯಿರಿ. ಅವರು ಮಾಸ್ಟ್ ಹೊಕ್ಕ ದಿಕ್ಕಿಗೆ ಎದುರಾಗಿ, ಮೆಲ್ಲಗೆ ಎಳೆಯಬೇಕು.